ಪದ ಪರಿಚಯ: ಕನ್ಸರ್ವೇಶನ್ ಈಸ್‌ಮೆಂಟ್

ಅಮೆರಿಕದ ಅಲಬಾಮಾದಲ್ಲಿ ನಿಮ್ಮದೊಂದು ಜಮೀನಿದೆ ಅಂದುಕೊಳ್ಳಿ. ಅದರ ಒಂದು ಮೂಲೆಯಲ್ಲಿ ಸದಾ ನೀರು ಒಸರುತ್ತದೆ. ಕಾಲಿಟ್ಟರೆ ಹೂತುಹೋಗುವ ಜೌಗು. ಬೆಳೆ ಬರುವುದಿಲ್ಲ, ಟ್ರ್ಯಾಕ್ಟರ್ ಇಳಿಸೋಕೂ ಆಗುವುದಿಲ್ಲ. ಅಲ್ಲೇ ಹುಳ ಹಿಡಿದು ತಿನ್ನುವ ಅಪರೂಪದ ಹೂಜಿ ಗಿಡಗಳು ನಿಂತಿವೆ. ನಾಳೆ ನೀವು ಅಲ್ಲೊಂದು ಕಾಲುವೆ ತೋಡಿ ನೀರು ಬಸಿದುಬಿಟ್ಟರೆ, ಆ ಗಿಡಗಳ ಪರವಾಗಿ ಯಾರಾದರೂ ತಡೆಯುತ್ತಾರಾ?

ಸಾಮಾನ್ಯವಾಗಿ ಇಲ್ಲ. ಅಳಿವಿನಂಚಿನ ಜೀವಿಗಳಿಗಾಗಿ 1973ರಲ್ಲಿ ಬಂದ ಅಲ್ಲಿನ ಕೇಂದ್ರ ಕಾಯ್ದೆ ಪ್ರಾಣಿಗಳನ್ನು ಖಾಸಗಿ ಜಮೀನಿನಲ್ಲೂ ಕಾಯುತ್ತದೆ. ಗಿಡಗಳಿಗೆ ಆ ಭಾಗ್ಯವಿಲ್ಲ. ಕೇಂದ್ರ ಸರ್ಕಾರದ ಹಣವೋ ಪರವಾನಗಿಯೋ ನಡುವೆ ಬರದಿದ್ದರೆ, ರಾಜ್ಯದ ಕಾನೂನು ಅಡ್ಡ ಬರದಿದ್ದರೆ, ತನ್ನ ನೆಲದ ಗಿಡವನ್ನು ಏನು ಮಾಡಬೇಕು ಅನ್ನುವುದು ಮಾಲೀಕರಿಗೇ ಬಿಟ್ಟಿದ್ದು. ಹಸಿರು ಹೂಜಿ ಗಿಡ 1979ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿತು. ಅಲಬಾಮಾ ಕೇನ್‌ಬ್ರೇಕ್ ಹೂಜಿ ಗಿಡ 1989ರಲ್ಲಿ ಸೇರಿತು. ಈ ಎರಡನೆಯದು ತಾನಾಗಿ ಬೆಳೆದು ಉಳಿದಿರುವುದು ಅಟಾಗಾ, ಚಿಲ್ಟನ್, ಎಲ್ಮೋರ್ ಎಂಬ ಮೂರೇ ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಅದರಲ್ಲೂ ಹೆಚ್ಚಿನವು ಖಾಸಗಿ ಜಮೀನಿನಲ್ಲಿವೆ. ಹಾಗಾಗಿ ಮಾಲೀಕರು ಮನಸ್ಸು ಮಾಡಿದರೆ ಮಾತ್ರ ಇವು ಉಳಿಯುತ್ತವೆ. ಆ ಮನಸ್ಸನ್ನು ಕಾಗದಕ್ಕಿಳಿಸುವ ದಾರಿಗೆ ಕನ್ಸರ್ವೇಶನ್ ಈಸ್‌ಮೆಂಟ್ ಎನ್ನುತ್ತಾರೆ.

ಈಸ್‌ಮೆಂಟ್ ಅಂದರೆ ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರಿಗಿರುವ ಸೀಮಿತ ಹಕ್ಕು. ಪಕ್ಕದವರ ಹೊಲದಲ್ಲಿ ಹಾದುಹೋಗುವ ದಾರಿ ಹಕ್ಕು ಎಲ್ಲರಿಗೂ ಗೊತ್ತಿರುವಂಥದ್ದು, ಅದೂ ಈಸ್‌ಮೆಂಟೇ. ಕನ್ಸರ್ವೇಶನ್ ಅಂದರೆ ಸಂರಕ್ಷಣೆ. ಈ ಬಗೆಯ ಪತ್ರದಲ್ಲಿ ಮಾಲೀಕರು ತಮ್ಮದೇ ಕೆಲವು ಹಕ್ಕುಗಳನ್ನು ಬಿಟ್ಟುಕೊಡುತ್ತಾರೆ. ಈ ಜಾಗದಲ್ಲಿ ಕಾಲುವೆ ತೋಡುವುದಿಲ್ಲ, ಕೆರೆ ಮಾಡುವುದಿಲ್ಲ, ಗೊಬ್ಬರ, ಸುಣ್ಣ, ಕಳೆನಾಶಕ ಹಾಕುವುದಿಲ್ಲ, ಮನೆ ಕಟ್ಟುವುದಿಲ್ಲ, ಹೀಗೆ. ಆ ಮಾತು ನಡೆಯುತ್ತಿದೆಯಾ ಎಂದು ನೋಡುವ ಹಕ್ಕು ಒಂದು ಲ್ಯಾಂಡ್ ಟ್ರಸ್ಟಿಗೋ (ಜಮೀನು ಸಂರಕ್ಷಿಸುವ ಲಾಭರಹಿತ ಸಂಸ್ಥೆ) ಸರ್ಕಾರಿ ಸಂಸ್ಥೆಗೋ ಸಿಗುತ್ತದೆ. ಜಮೀನು ಮಾತ್ರ ಮಾಲೀಕರದ್ದೇ. ಅಲ್ಲೇ ಇರಬಹುದು, ಉಳಿದ ಭಾಗದಲ್ಲಿ ಬೇಸಾಯ ಮಾಡಬಹುದು, ಮಾರಬಹುದು, ಮಕ್ಕಳಿಗೆ ಕೊಡಬಹುದು. ಆದರೆ ಪತ್ರ ನೋಂದಣಿಯಾದ ಮೇಲೆ ಷರತ್ತು ಜಮೀನಿಗೇ ಅಂಟಿಕೊಳ್ಳುತ್ತದೆ. ಕೊಂಡವರೂ ಅದಕ್ಕೆ ಬದ್ಧರು.

ಸಹಿ ಹಾಕಿದರೆ ಕಂಡವರೆಲ್ಲ ಜಮೀನಿಗೆ ನುಗ್ಗುತ್ತಾರೆ ಅನ್ನುವ ಭಯ ಅನೇಕರಿಗಿದೆ. ಅಪರೂಪದ ಗಿಡಗಳ ನೆಲೆ ಉಳಿಸಲೆಂದು ಮಾಡುವ ಈಸ್‌ಮೆಂಟಿನಲ್ಲಿ ಸಾರ್ವಜನಿಕರನ್ನು ಒಳಗೆ ಬಿಡಬೇಕೆಂದಿಲ್ಲ. ಬಿಡದಿರುವುದೇ ಒಳ್ಳೆಯದು, ಯಾಕೆಂದರೆ ಇವುಗಳಿಗೆ ಕಳ್ಳರ ಕಾಟ ಜಾಸ್ತಿ. ಹುಳ ತಿನ್ನುವ ಇನ್ನೊಂದು ಗಿಡವಾದ ವೀನಸ್ ಫ್ಲೈಟ್ರಾಪ್ ಕದಿಯುವುದನ್ನು ನಾರ್ತ್ ಕ್ಯಾರೊಲಿನಾದ ಕೆಲವು ಕೌಂಟಿಗಳಲ್ಲಿ 2014ರ ಡಿಸೆಂಬರ್‌ನಿಂದ ಗಂಭೀರ ಅಪರಾಧದ ಸಾಲಿಗೆ ಸೇರಿಸಬೇಕಾಯಿತು.

ಗೊಬ್ಬರ ಯಾಕೆ ಬೇಡ ಅಂತ ಕೇಳಬಹುದು. ಹೂಜಿ ಗಿಡದ ಎಲೆಯೇ ಉದ್ದನೆಯ ಕೊಳವೆ. ಬಾಯಂಚಿನ ಸಿಹಿ ರಸಕ್ಕೆ ಇರುವೆ, ನೊಣ ಬರುತ್ತವೆ, ಕಾಲು ಜಾರಿ ಒಳಗೆ ಬೀಳುತ್ತವೆ. ಒಳಗಿನ ಕೂದಲುಗಳು ಕೆಳಮುಖವಾಗಿರುತ್ತವೆ, ಹತ್ತಿ ಬರೋಕಾಗುವುದಿಲ್ಲ. ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ ಇರುವುದಕ್ಕೇ ಗಿಡ ಈ ದಾರಿ ಹಿಡಿದಿದ್ದು. ಮಣ್ಣಿಗೆ ಗೊಬ್ಬರ ಬಿತ್ತೆಂದರೆ ಹುಲ್ಲು, ಪೊದೆ ಮೇಲೆದ್ದು ಇದನ್ನು ಮುಚ್ಚಿಬಿಡುತ್ತವೆ.

ಸಹಿಗೆ ಮುಂಚೆ ಜಮೀನು ಈಗ ಹೇಗಿದೆ ಎಂದು ಫೋಟೊ, ನಕ್ಷೆ ಸಮೇತ ದಾಖಲೆ ಮಾಡುತ್ತಾರೆ. ಇದಕ್ಕೆ ಬೇಸ್‌ಲೈನ್ ವರದಿ ಅಂತ ಹೆಸರು. ಇದನ್ನು ಯಾವ ತಿಂಗಳಲ್ಲಿ ಮಾಡುತ್ತೀರಿ ಅನ್ನುವುದು ತುಂಬಾ ಮುಖ್ಯ. ಹಸಿರು ಹೂಜಿ ಗಿಡಕ್ಕೆ ವಸಂತದಲ್ಲಿ ಹಳದಿ-ಹಸಿರು ಹೂಗಳು ತಲೆಬಾಗಿ ತೂಗುತ್ತಿರುತ್ತವೆ, ದೂರದಿಂದಲೇ ಗುರುತು ಸಿಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಹೂಜಿಗಳು ಒಣಗಿ, ಕುಡುಗೋಲಿನಂತೆ ಬಾಗಿದ ಚಪ್ಪಟೆ ಎಲೆಗಳಷ್ಟೇ ಉಳಿಯುತ್ತವೆ. ಗೊತ್ತಿಲ್ಲದವರಿಗೆ ಅದು ಬರೀ ಹುಲ್ಲು. ಆಗ ಹೋಗಿ ನೋಡಿದವರು ಗಿಡವೇ ಇಲ್ಲ ಅಂತ ಬರೆದುಬಿಡಬಹುದು.

ಮಾಲೀಕರಿಗೆ ಇದರಿಂದ ಏನು ಸಿಗುತ್ತದೆ? ಹಕ್ಕು ಬಿಟ್ಟರೆ ಜಮೀನಿನ ಬೆಲೆ ಇಳಿಯುತ್ತದೆ. 5 ಲಕ್ಷ ಡಾಲರಿನ ಜಮೀನು 3.5 ಲಕ್ಷಕ್ಕೆ ಇಳಿಯಿತು ಅನ್ನಿ. ಆ 1.5 ಲಕ್ಷವನ್ನು ದಾನವೆಂದು ಪರಿಗಣಿಸಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಾರೆ. ಒಂದೇ ವರ್ಷದಲ್ಲಿ ಮುಗಿಯದಿದ್ದರೆ ಮುಂದಿನ 15 ವರ್ಷಗಳವರೆಗೆ ಬಳಸಿಕೊಳ್ಳಬಹುದು. ಆದರೆ ಈ ರಿಯಾಯಿತಿ ಬೇಕೆಂದರೆ ಪತ್ರ ಶಾಶ್ವತವಾಗಿರಲೇಬೇಕು.

ನನ್ನ ಮಟ್ಟಿಗೆ ಪತ್ರದ ಜೀವಾಳ ಇರುವುದು ‘ಮಾಡುವುದಿಲ್ಲ’ಗಳ ಪಟ್ಟಿಯಲ್ಲಲ್ಲ, ಬೆಂಕಿಯ ಷರತ್ತಿನಲ್ಲಿ. ಈ ಜೌಗುಗಳು ಸುಮ್ನೆ ಬಿಟ್ಟರೆ ಉಳಿಯುವುದಿಲ್ಲ. ಹಿಂದೆ ಕಾಡಿನ ಬೆಂಕಿ ಆಗಾಗ ಬಂದು ಪೊದೆಗಳನ್ನು ಸುಟ್ಟು ಬಿಸಿಲಿಗೆ ಜಾಗ ಮಾಡಿಕೊಡುತ್ತಿತ್ತು. ಹೂಜಿ ಗಿಡದ ಗೆಡ್ಡೆಯಂಥ ಕಾಂಡ ನೆಲದಡಿ ಇರುವುದರಿಂದ ಅದು ಮತ್ತೆ ಚಿಗುರುತ್ತದೆ. ಬೆಂಕಿ ನಿಂತರೆ ನೆರಳು ಕವಿದು ಗಿಡ ಸೊರಗುತ್ತದೆ. ಆದ್ದರಿಂದ ತರಬೇತಿ ಪಡೆದವರು ಬಂದು ನಿಯಂತ್ರಿತ ಬೆಂಕಿ ಹಾಕಲು, ಪೊದೆ ಕಡಿಯಲು ಅವಕಾಶ ಇದೆ ಎಂದು ಪತ್ರದಲ್ಲಿ ಬರೆಸಬೇಕು.

ಗಡಿ ಎಲ್ಲಿ ಎಳೆಯುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಒಸರು ನೀರು ಬರುವುದು ಮೇಲಿನ ಇಳಿಜಾರಿನಿಂದ. ಗಿಡ ನಿಂತ ಜಾಗಕ್ಕಷ್ಟೇ ಈಸ್‌ಮೆಂಟ್ ಮಾಡಿ ಇಳಿಜಾರನ್ನು ಬಿಟ್ಟರೆ, ಮೇಲೆ ಕಾಲುವೆ ತೋಡಿದ ದಿನ ಕೆಳಗೆ ಜೌಗು ಒಣಗಲು ಶುರು. ಮೇಲಿನ ಜಮೀನು ಪಕ್ಕದವರದ್ದಾಗಿದ್ದರೆ ಅವರನ್ನೂ ಮಾತಾಡಿಸಬೇಕು.

ಶಾಶ್ವತ ಅನ್ನುವ ಮಾತಿಗೇ ಹಿಂಜರಿಯುವವರಿದ್ದಾರೆ, ಅದು ಸಹಜ ಅಲ್ವಾ. ಅಂಥವರಿಗೆ ಕೇಂದ್ರ ವನ್ಯಜೀವಿ ಇಲಾಖೆಯ ‘ಪಾರ್ಟ್‌ನರ್ಸ್ ಫಾರ್ ಫಿಶ್ ಆಂಡ್ ವೈಲ್ಡ್‌ಲೈಫ್’ ಯೋಜನೆ ಇದೆ. ಇದರಲ್ಲಿ ಸಾಮಾನ್ಯವಾಗಿ 10 ವರ್ಷದ ಒಪ್ಪಂದ. ಪೊದೆ ತೆಗೆಯಲು, ಬೆಂಕಿ ಹಾಕಲು ಹಣ, ತಾಂತ್ರಿಕ ನೆರವು ಸಿಗುತ್ತದೆ. ಮೊದಲು ಇದನ್ನು ಮಾಡಿ ನೋಡಿ, ನಂಬಿಕೆ ಬಂದ ಮೇಲೆ ಈಸ್‌ಮೆಂಟಿಗೆ ಸಹಿ ಹಾಕಬಹುದು.