ತುಕ್ಕು ಹಿಡಿದ ಹಡಗೊಂದು ಕಾಯುವ ದಿಬ್ಬ

ದಕ್ಷಿಣ ಚೀನಾ ಸಮುದ್ರದ ಸೆಕೆಂಡ್ ಥಾಮಸ್ ಶೋಲ್ ಎಂಬ ಹವಳದ ದಿಬ್ಬದ ಮೇಲೆ ಫಿಲಿಪ್ಪೀನ್ಸ್‌ನ ‘ಸಿಯೆರಾ ಮ್ಯಾಡ್ರೆ’ ಹಡಗು 1999ರಿಂದ ಕದಲದೆ ನಿಂತಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಕಟ್ಟಿದ, ಸುಮಾರು 100 ಮೀಟರ್ ಉದ್ದದ ಹಡಗು ಅದು. ಬೇಕೆಂದೇ ದಿಬ್ಬಕ್ಕೆ ಹತ್ತಿಸಿ, ಬೆರಳೆಣಿಕೆಯ ಸೈನಿಕರನ್ನು ಕಾವಲಿಗಿಟ್ಟರು. ಏಕೆಂದರೆ ಹತ್ತಿರದ ಮಿಸ್ಚೀಫ್ ರೀಫ್ ಎಂಬ ಇನ್ನೊಂದು ದಿಬ್ಬದಲ್ಲಿ ಚೀನಾ ಆಗಲೇ ಕಂಬ ನೆಟ್ಟು ಕಟ್ಟಡ ಎಬ್ಬಿಸಿತ್ತು. 1995ರಲ್ಲಿ ಅದು ಬಯಲಾದಾಗ, ಮೀನುಗಾರರ ತಂಗುದಾಣವೆಂದು ಚೀನಾ ಹೇಳಿತು. ಈಗ ಅಲ್ಲಿ ದೊಡ್ಡ ರನ್‌ವೇ ಇದೆ.

ಜಗಳದ ಬೇರು 1947ರ ನಕಾಶೆಯಲ್ಲಿದೆ. ಅಂದಿನ ಚೀನಾ ಸರ್ಕಾರ ಹನ್ನೊಂದು ತುಂಡುಗೆರೆ ಎಳೆದು ಈ ಸಮುದ್ರದ ಬಹುಭಾಗವನ್ನು ಸುತ್ತುವರಿಯಿತು. ಕಮ್ಯುನಿಸ್ಟ್ ಸರ್ಕಾರ ಎರಡು ಗೆರೆ ಕೈಬಿಟ್ಟು ಒಂಬತ್ತನ್ನು ಉಳಿಸಿಕೊಂಡಿತು.

1982ರ ಸಮುದ್ರ ಕಾನೂನು ಒಪ್ಪಂದ ಗೆರೆ ನೋಡುವುದಿಲ್ಲ, ನೆಲ ನೋಡುತ್ತದೆ. ಉಬ್ಬರದಲ್ಲೂ ನೀರಿನ ಮೇಲಿರುವ ಬಂಡೆಗೆ 12 ನಾಟಿಕಲ್ ಮೈಲು ಪ್ರಾದೇಶಿಕ ಸಮುದ್ರ; ಜನವಸತಿಗೆ ಅಥವಾ ಸ್ವಂತ ಆರ್ಥಿಕ ಬದುಕಿಗೆ ಆಧಾರವಾಗಬಲ್ಲ ದ್ವೀಪಕ್ಕೆ ಮೀನು, ತೈಲದಂಥ ಸಂಪತ್ತಿನ ಮೇಲೆ ಹಕ್ಕು ಕೊಡುವ 200 ಮೈಲಿನ ಆರ್ಥಿಕ ವಲಯವೂ ಉಂಟು. ತೀರದಿಂದ ದೂರವಿದ್ದು, ಇಳಿತದಲ್ಲಷ್ಟೇ ತಲೆ ತೋರುವ ದಿಬ್ಬಕ್ಕೆ ಎರಡೂ ಇಲ್ಲ. ಮರಳು ಸುರಿದು ಎತ್ತರಿಸಿದರೂ ಹಕ್ಕು ಹುಟ್ಟದು. 2016ರ ಜುಲೈ 12ರಂದು, ಫಿಲಿಪ್ಪೀನ್ಸ್ ಹೂಡಿದ ಮೊಕದ್ದಮೆಯಲ್ಲಿ ಆ ಒಪ್ಪಂದದಡಿ ರಚನೆಯಾದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಇದೇ ಅಳತೆಗೋಲು ಹಿಡಿದು, ಇಳಿತದಲ್ಲಷ್ಟೇ ಕಾಣುವ ಈ ಎರಡೂ ದಿಬ್ಬಗಳು ಫಿಲಿಪ್ಪೀನ್ಸ್‌ನ ಆರ್ಥಿಕ ವಲಯದೊಳಗಿವೆ ಎಂದಿತು. ಚೀನಾ ತೀರ್ಪನ್ನು ತಿರಸ್ಕರಿಸಿತು. ಜಾರಿ ಮಾಡಿಸುವ ಪಡೆ ಆ ಮಂಡಳಿಗಿಲ್ಲ.

ಹಾಗಾಗಿ ನಿಜವಾದ ಹೋರಾಟ ಸಾಮಗ್ರಿ ದೋಣಿಗಳ ಸುತ್ತ ನಡೆಯುತ್ತದೆ. ಉಪ್ಪುನೀರು ಹಡಗಿನ ಒಡಲನ್ನು ತಿನ್ನುತ್ತಿದೆ. ದುರಸ್ತಿ ಸಾಮಗ್ರಿ ತಲುಪದಿದ್ದರೆ ಅದು ತಾನಾಗಿಯೇ ಕುಸಿಯುತ್ತದೆ. ಅನ್ನ, ನೀರಿಗಿಂತ ಕಟ್ಟಡ ಸಾಮಗ್ರಿಯ ಮೇಲೆಯೇ ಚೀನಾಕ್ಕೆ ಹೆಚ್ಚು ಆಕ್ಷೇಪ ಇರುವುದು ಇದಕ್ಕೇ. ಅದರ ಕರಾವಳಿ ಕಾವಲು ಹಡಗುಗಳು ಗುಂಡು ಹಾರಿಸುವುದಿಲ್ಲ. ಅಡ್ಡ ನಿಲ್ಲುತ್ತವೆ, ಜಲಫಿರಂಗಿ ಹಾಯಿಸುತ್ತವೆ. ಮರದ ದೋಣಿಯ ಗಾಜು ಒಡೆದು ನಾವಿಕರಿಗೆ ಗಾಯವಾಗಲು ಅಷ್ಟು ಸಾಕು.

ಬಂದೂಕು ದೂರವಿಡುವುದರ ಹಿಂದೆ ಸ್ಪಷ್ಟ ಲೆಕ್ಕವಿದೆ ಎಂದೇ ತೋರುತ್ತದೆ. 1951ರ ರಕ್ಷಣಾ ಒಪ್ಪಂದದಂತೆ ಫಿಲಿಪ್ಪೀನ್ಸ್ ಪಡೆಯ ಮೇಲೆ ‘ಸಶಸ್ತ್ರ ದಾಳಿ’ ನಡೆದರೆ ಅಮೆರಿಕ ನೆರವಿಗೆ ಬರಬೇಕು. ಸಿಯೆರಾ ಮ್ಯಾಡ್ರೆ ಇಂದಿಗೂ ನೌಕಾಪಡೆಯ ಪಟ್ಟಿಯಲ್ಲಿದೆ. ಆದರೆ ನೀರಿನ ರಭಸ ಸಶಸ್ತ್ರ ದಾಳಿಯೇ? 2024ರ ಜೂನ್ 17ರಂದು ಚೀನೀ ಸಿಬ್ಬಂದಿ ಚಾಕು, ಕೊಡಲಿ ಹಿಡಿದು ರಬ್ಬರ್ ದೋಣಿಗಳನ್ನು ಸೀಳಿದರು. ಫಿಲಿಪ್ಪೀನ್ಸ್ ನಾವಿಕನೊಬ್ಬ ಹೆಬ್ಬೆರಳು ಕಳೆದುಕೊಂಡ. ಅದನ್ನೂ ಮನಿಲಾ ಸಶಸ್ತ್ರ ದಾಳಿ ಎನ್ನಲಿಲ್ಲ. ಮರುತಿಂಗಳು ಸಾಮಗ್ರಿ ಸಾಗಣೆಗೆ ತಾತ್ಕಾಲಿಕ ಒಪ್ಪಂದವಾಯಿತು. ದಿಬ್ಬದ ಒಡೆತನ ಅದರಲ್ಲಿ ಇತ್ಯರ್ಥವಾಗಲಿಲ್ಲ.