ಒಂದು ಮಹಡಿ ಏರಲು 76 ವರ್ಷ: ಕ್ಯಾಪಿಟಲ್‌ನ ಮೂವರು ಮತದಾನದ ಹಕ್ಕಿನ ಹೋರಾಟಗಾರ್ತಿಯರು

ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡ (ಅಮೆರಿಕದ ಸಂಸತ್ ಭವನ) ನೋಡಲು ಹೋದವರನ್ನು ಗೈಡ್‌ಗಳು ಸಾಮಾನ್ಯವಾಗಿ ಮೊದಲು 40 ಕಂಬಗಳ ಕೆಳಹಜಾರವಾದ ಕ್ರಿಪ್ಟ್‌ಗೆ, ಆಮೇಲೆ ಅದರ ನೆತ್ತಿಯ ಮೇಲೇ ಇರುವ, ಗುಮ್ಮಟದಡಿಯ ದುಂಡು ಸಭಾಂಗಣವಾದ ರೊಟುಂಡಾಕ್ಕೆ ಕರೆದೊಯ್ಯುತ್ತಾರೆ. ಮೆಟ್ಟಿಲು ಹತ್ತಲು ಕೆಲವೇ ನಿಮಿಷ ಸಾಕು. ಲುಕ್ರೀಶಿಯಾ ಮಾಟ್, ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಸೂಸನ್ ಬಿ. ಆಂಟನಿ ಅವರ ಅಮೃತಶಿಲೆಯ ಸ್ಮಾರಕ ಕೆಳಗಿನಿಂದ ಮೇಲಕ್ಕೆ ಬರಲು ಮಾತ್ರ 1997ರವರೆಗೆ ಕಾಯಬೇಕಾಯಿತು. ಈ ಕಥೆ ಗೊತ್ತಿಲ್ಲದೆ ನೋಡಿದರೆ ಅದು ಮೂರು ತಲೆಗಳ ಒಂದು ದೊಡ್ಡ ಕಲ್ಲು, ಅಷ್ಟೆ.

ಶಿಲ್ಪಿ ಅಡಿಲೇಡ್ ಜಾನ್ಸನ್ ಈ ಮೂವರ ಬಿಡಿ ಎದೆಮೂರ್ತಿಗಳನ್ನು 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲೇ ಇಟ್ಟಿದ್ದರು. 1920ರ ಆಗಸ್ಟ್ 18ರಂದು ಟೆನೆಸ್ಸೀ ರಾಜ್ಯ ಒಪ್ಪಿಗೆ ಕೊಟ್ಟು ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ಸಂವಿಧಾನದ 19ನೇ ತಿದ್ದುಪಡಿ ಊರ್ಜಿತವಾಯಿತು. ಆ ಹೊತ್ತಿಗೆ ಇಟಲಿಯ ಕರಾರಾದ 8 ಟನ್ ತೂಕದ ಕಲ್ಲಿನಲ್ಲಿ ಮೂವರನ್ನೂ ಒಟ್ಟಿಗೆ ಕಡೆಯುವ ಕೆಲಸ ನಡೆದಿತ್ತು. ಹಣ ಹೊಂದಿಸಿದ್ದು ಮಹಿಳೆಯರೇ. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳಾ ಸಂಘಟನೆ ನ್ಯಾಷನಲ್ ವುಮನ್ಸ್ ಪಾರ್ಟಿ ಇದನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಾಣಿಕೆಯಾಗಿ ಕೊಟ್ಟು, ಆಂಟನಿಯವರ 101ನೇ ಜನ್ಮದಿನವಾದ 1921ರ ಫೆಬ್ರವರಿ 15ರಂದು ರೊಟುಂಡಾದಲ್ಲಿ ಅನಾವರಣ ಮಾಡಿಸಿತು.

ಸಮಾರಂಭ ಮುಗಿದದ್ದೇ ತಡ, ಸ್ಮಾರಕವನ್ನು ಕೆಳಗಿನ ಕ್ರಿಪ್ಟ್‌ಗೆ ಸಾಗಿಸಿದರು. ಹೆಣ್ಣಿಗೆ ಆತ್ಮವೇ ಇಲ್ಲ ಎಂದರು, ಆಮೇಲೆ ಬುದ್ಧಿ ಇಲ್ಲ ಎಂದರು, ಈಗ ಅವಳು ಎದ್ದು ನಿಂತಿದ್ದಾಳೆ ಎಂಬ ಅರ್ಥದ ಬರಹವನ್ನು ಜಾನ್ಸನ್ ಚಿನ್ನದ ಅಕ್ಷರಗಳಲ್ಲಿ ಬರೆಸಿದ್ದರು. ಅದೇ ವರ್ಷ ಅದರ ಮೇಲೆ ಬಿಳಿ ಬಣ್ಣ ಬಳಿಯಲಾಯಿತು. ಕಾಣಿಕೆ ಸ್ವೀಕರಿಸಿ ಅದರ ಬಾಯಿ ಮುಚ್ಚಿಸಿದ ಈ ನಡೆ ಇಂದಿಗೂ ಚುಚ್ಚುತ್ತದೆ. ಕ್ರಿಪ್ಟ್ ಸಾರ್ವಜನಿಕರಿಗೆ ತೆರೆದದ್ದು 1963ರಲ್ಲಿ. ಅಲ್ಲಿಯವರೆಗೆ ಇದನ್ನು ಕಂಡವರೇ ಕಡಿಮೆ. ಮೇಲಕ್ಕೆ ತರಬೇಕೆಂದು 1928, 1932, 1950ರಲ್ಲಿ ಮಂಡಿಸಿದ ನಿರ್ಣಯಗಳು ಬಿದ್ದುಹೋದವು.

ತಿದ್ದುಪಡಿಗೆ 75 ತುಂಬಿದ 1995ರಲ್ಲಿ ಸೆನೆಟ್ ಒಪ್ಪಿದರೂ ಪ್ರತಿನಿಧಿ ಸಭೆಯಲ್ಲಿ ತಡೆ ಬಿತ್ತು. ಮೂರ್ತಿ ಚೆನ್ನಾಗಿಲ್ಲ, ತೂಕ ಹೆಚ್ಚು, ತೆರಿಗೆ ಹಣ ಯಾಕೆ ಹಾಕಬೇಕು ಎಂಬ ತಕರಾರುಗಳು ಎದ್ದವು. 'ಬಾತ್‌ಟಬ್‌ನಲ್ಲಿ ಕೂತ ಹೆಂಗಸರು' ಎಂಬ ಹಳೆಯ ಗೇಲಿ ಮತ್ತೆ ಕೇಳಿಬಂತು. ನೆಲ ಭಾರ ತಾಳುತ್ತದೆಯೇ ಎಂಬ ಪ್ರಶ್ನೆಗಾದರೂ ಎಂಜಿನಿಯರ್‌ಗಳು ಉತ್ತರ ಕೊಡಬಲ್ಲರು. ಅಂದಚೆಂದದ ತಕರಾರಿಗೆ ಉತ್ತರವೇ ಇರಲಿಲ್ಲ. ಮಾಜಿ ಅಧ್ಯಕ್ಷರ ಮೂರ್ತಿಗಳಿಗೆ ಯಾರೂ ಇಂಥ ಪರೀಕ್ಷೆ ಒಡ್ಡಿರಲಿಲ್ಲ. ಕೊನೆಗೆ 1996ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಸಾಗಣೆಯ ಸುಮಾರು 75,000 ಡಾಲರನ್ನು ಖಾಸಗಿ ದೇಣಿಗೆಯಿಂದಲೇ ಹೊಂದಿಸಿ, 1997ರ ಮೇ ತಿಂಗಳಲ್ಲಿ ಸ್ಮಾರಕವನ್ನು ಮೇಲಕ್ಕೆ ತಂದರು.

ಆ ಹೊತ್ತಿಗೇ ಇನ್ನೊಂದು ಆಕ್ಷೇಪ ಬಂತು, ಅದು ನ್ಯಾಯವಾದದ್ದು. ಗುಲಾಮಗಿರಿಯಿಂದ ಪಾರಾಗಿ ಬಂದು ಕಪ್ಪು ಜನರ ಬಿಡುಗಡೆಗೂ ಮಹಿಳೆಯರ ಹಕ್ಕಿಗೂ ದನಿ ಎತ್ತಿದ ಸೋಜರ್ನರ್ ಟ್ರೂತ್ ಈ ಕಲ್ಲಿನಲ್ಲಿ ಏಕಿಲ್ಲ ಎಂದು ಕಪ್ಪು ಮಹಿಳೆಯರ ಸಂಘಟನೆ ಕೇಳಿತು. ಕಲಾವಿದೆ ಆರ್ಟಿಸ್ ಲೇನ್ ಮಾಡಿದ ಟ್ರೂತ್ ಅವರ ಕಂಚಿನ ಎದೆಮೂರ್ತಿ ಕ್ಯಾಪಿಟಲ್‌ಗೆ ಬಂದದ್ದು 2009ರಲ್ಲಿ. ಅದು ಇರುವುದು ಸಂದರ್ಶಕರ ಕೇಂದ್ರದ ಎಮ್ಯಾನ್ಸಿಪೇಷನ್ ಹಾಲ್‌ನಲ್ಲಿ. ಟೂರ್ ಶುರುವಾದ ಮೇಲೆ ಗುಂಪು ಬಿಟ್ಟು ಹೋಗಲಾಗದ ಕಾರಣ ಅದನ್ನು ಮೊದಲೇ ನೋಡಿಕೊಳ್ಳಿ.

ರೊಟುಂಡಾದಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಗುಮ್ಮಟದ ಚಿತ್ರ ನೋಡುತ್ತಾ ನಿಂತರೆ ಸ್ಮಾರಕ ತಪ್ಪಿಹೋಗುತ್ತದೆ. ಟೋಪಿ ತೊಟ್ಟವರು ಮಾಟ್. ತುಸು ಹಿಂದೆ, ಎತ್ತರದಲ್ಲಿ ಕಾಣುವವರು ಆಂಟನಿ. ಮೂವರೂ 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶದಲ್ಲಿದ್ದರು ಎಂದು ಹಲವರು ಭಾವಿಸುತ್ತಾರೆ. ಅಲ್ಲಿದ್ದವರು ಮಾಟ್ ಮತ್ತು ಸ್ಟ್ಯಾಂಟನ್ ಮಾತ್ರ. ಆಂಟನಿ ಸ್ಟ್ಯಾಂಟನ್‌ರನ್ನು ಭೇಟಿಯಾದದ್ದೇ 1851ರಲ್ಲಿ. ಮುಂದಿನಿಂದ ನೋಡಿ ಸುಮ್ಮನಾಗದೆ ಪಕ್ಕಕ್ಕೆ ಸರಿದು ನಿಲ್ಲಿ. ಹಿಂಬದಿಯ ಕಲ್ಲು ಉಳಿಯ ಗುರುತುಗಳೊಂದಿಗೆ ಒರಟಾಗಿಯೇ ಉಳಿದಿದೆ. ಮೊದಲ ಮಹಿಳಾ ಅಧ್ಯಕ್ಷೆಗಾಗಿ ಆ ಜಾಗ ಕಾದಿರಿಸಲಾಗಿದೆ ಎಂಬ ಮಾತು ಜನಪ್ರಿಯ. ಹೋರಾಟ ಇನ್ನೂ ಮುಗಿದಿಲ್ಲ ಎಂಬುದರ ಗುರುತು ಅದು ಎಂಬ ವಿವರಣೆಯೇ ನಮಗೆ ಹೆಚ್ಚು ಒಪ್ಪಿತ.

ಟೂರ್ ಉಚಿತ, ಸೋಮವಾರದಿಂದ ಶನಿವಾರದವರೆಗೆ ನಡೆಯುತ್ತದೆ, ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸುವುದು ಒಳ್ಳೆಯದು. ಪ್ರವೇಶ ಕಟ್ಟಡದ ಪೂರ್ವ ಬದಿಯ ನೆಲದಡಿಯ ಕೇಂದ್ರದಿಂದ. ಹೆಚ್ಚಿನವರು ಸಿಕ್ಕಿಬೀಳುವುದು ಭದ್ರತಾ ತಪಾಸಣೆಯಲ್ಲಿ: ನೀರೂ ಸೇರಿ ಯಾವ ದ್ರವವನ್ನೂ, ಯಾವ ತಿಂಡಿಯನ್ನೂ ಒಳಗೆ ಬಿಡುವುದಿಲ್ಲ. ಖಾಲಿ ಬಾಟಲಿ ಒಯ್ಯಬಹುದು. 18 ಇಂಚು ಅಗಲ, 14 ಇಂಚು ಎತ್ತರ, 8.5 ಇಂಚು ದಪ್ಪಕ್ಕಿಂತ ದೊಡ್ಡ ಚೀಲವಿದ್ದರೆ ಹೋಟೆಲಿನಲ್ಲೇ ಬಿಟ್ಟು ಬನ್ನಿ. ವಸಂತದಲ್ಲಿ ಶಾಲಾ ಮಕ್ಕಳ ಗುಂಪುಗಳಿಂದ ಸಾಲು ಉದ್ದವಾಗುತ್ತದೆ. ನಿಮ್ಮ ಸಮಯಕ್ಕಿಂತ ಮುಕ್ಕಾಲು ಗಂಟೆ ಮೊದಲೇ ಬಂದರೆ ಟ್ರೂತ್ ಅವರ ಮೂರ್ತಿಯ ಮುಂದೆ ನಿಲ್ಲಲೂ ಬಿಡುವು ಸಿಗುತ್ತದೆ.