ಸ್ಟಾಕ್ ಇಂಜಿನ್‌ಗೆ ಟರ್ಬೋ ಹಾಕ್ಸಿದ್ಮೇಲೆ ಎಷ್ಟು ಆರ್‌ಪಿಎಂ ತನಕ ಎಳೀಬೋದು?

ಪ್ರಶ್ನೆ: ಅಣ್ಣಾ, ನಂದು ಹಳೇ ಹೋಂಡಾ ಸಿಟಿ 1.5 ವಿಟೆಕ್, ಮಂಡ್ಯದಲ್ಲೇ ಓಡ್ಸೋದು. ಟರ್ಬೋ ಹಾಕುಸ್ತಾ ಇದೀನಿ, ಬಾಟಮ್ ಎಂಡ್ (ಇಂಜಿನ್ನಿನ ಕೆಳಭಾಗ) ಬಿಚ್ಚಲ್ಲ, ರಾಡು ಪಿಸ್ಟನ್ ಎಲ್ಲಾ ಕಂಪನಿದೇ. ಟ್ಯೂನ್ ಮಾಡೋರು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಲಿಮಿಟ್ 8000ಕ್ಕೆ ಇಟ್ಕೊಡ್ತೀನಿ ಅಂತಾವ್ರೆ. ತಡಿಯುತ್ತಾ?

ಉತ್ತರ: ಸ್ವಲ್ಪ ದಿನ ತಡಿಬೋದು, ಆಮೇಲೆ ಇಲ್ಲ. ಕಂಪನಿಯೋರು ಆರ್‌ಪಿಎಂ ಮೀಟರಲ್ಲಿ ಕೆಂಪು ಗೆರೆ ಎಲ್ಲಿ ಎಳೆದವ್ರೋ ಅಲ್ಲೇ ಬಿಡಿ, ನನ್ನ ಕೇಳಿದ್ರೆ ಅದಕ್ಕಿಂತ ಇನ್ನೂರು ಮುನ್ನೂರು ಕಮ್ಮೀನೇ ಇಡಿ.

ಎಲ್ರೂ ಬೂಸ್ಟನ್ನೂ (ಟರ್ಬೋ ಇಂಜಿನ್ನಿಗೆ ತುರುಕೋ ಗಾಳಿಯ ಒತ್ತಡ) ಆರ್‌ಪಿಎಂನೂ ಒಂದೇ ಮೂಟೆಗೆ ಕಟ್ತಾರೆ, ಆದ್ರೆ ಇವೆರಡೂ ಇಂಜಿನ್ನ ಬೇರೆ ಬೇರೆ ಜಾಗದಲ್ಲಿ ಮುರೀತವೆ. ಬೂಸ್ಟ್ ಜಾಸ್ತಿ ಆದ್ರೆ ಪಿಸ್ಟನ್ ಮೇಲೆ ಒತ್ತಡ ಬೀಳುತ್ತೆ, ಪಿಸ್ಟನ್ನನ್ನ ಕ್ರ್ಯಾಂಕ್ ಶಾಫ್ಟಿಗೆ ಸೇರಿಸೋ ರಾಡು ಬಗ್ಗುತ್ತೆ. ಆರ್‌ಪಿಎಂ ಜಾಸ್ತಿ ಆದ್ರೆ ರಾಡನ್ನ ಎಳೆಯುತ್ತೆ, ಆ ಎಳೆತ ಬಂದು ಬೀಳೋದು ರಾಡ್ ಬೋಲ್ಟ್ ಮೇಲೆ. ಪಿಸ್ಟನ್ ಮೇಲಕ್ಕೆ ಹೋಗಿ ನಿಂತು ವಾಪಸ್ ತಿರುಗೋ ಗಳಿಗೆ ಇದೆಯಲ್ಲ, ಕಂಪ್ರೆಷನ್ ಆದ್ಮೇಲಾದ್ರೆ ಮೇಲಿಂದ ಗ್ಯಾಸ್ ಒತ್ತಿ ತಡಿಯುತ್ತೆ, ಎಕ್ಸಾಸ್ಟ್ ಆದ್ಮೇಲೆ ಮೇಲೆ ಏನೂ ಇರಲ್ಲ, ಪಿಸ್ಟನ್ ಹಾರಿ ಹೋಗದಂಗೆ ಹಿಡ್ಕೊಂಡಿರೋದು ಬರೀ ಆ ಎರಡು ಬೋಲ್ಟು.

ಲೆಕ್ಕ ಹಾಕಿ ನೋಡಿ. ನಿಮ್ಮ ಇಂಜಿನ್ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) 84.5 ಮಿ.ಮೀ. ಪಿಸ್ಟನ್, ಪಿನ್ನು, ರಿಂಗು ಎಲ್ಲಾ ಸೇರಿ ಒಂದು 400 ಗ್ರಾಂ ಅಂದ್ಕೊಳ್ಳಿ. 7000ದಲ್ಲಿ ಆ ಎಳೆತ ಸುಮಾರು 1200 ಕೆಜಿ, 8000ದಲ್ಲಿ ಹತ್ತತ್ರ 1570. ಆರ್‌ಪಿಎಂ ಏರಿದ್ದು ಶೇ. 14, ಎಳೆತ ಏರಿದ್ದು ಶೇ. 31, ಯಾಕಂದ್ರೆ ಅದು ವೇಗದ ವರ್ಗದಲ್ಲಿ ಏರುತ್ತೆ. ಇದಕ್ಕೂ ಟರ್ಬೋಗೂ ಸಂಬಂಧ ಇಲ್ಲ ಗಮನಿಸಿ, ಟರ್ಬೋ ಇಲ್ದೆ 8000 ಎಳೆದ್ರೂ ಅಷ್ಟೇ. ಇನ್ನೊಂದು, ಫುಲ್ ರೆವ್‌ನಲ್ಲಿ ಇದ್ದಾಗ ಟಪ್ ಅಂತ ಆಕ್ಸಿಲರೇಟರ್ ಬಿಟ್ರೆ ಸಿಲಿಂಡರ್ ಒಳಗೆ ನಿರ್ವಾತ ಆಗಿ ಬೋಲ್ಟ್‌ಗೆ ಎಳೆತ ಇನ್ನೂ ಜಾಸ್ತಿ.

ಮತ್ತೆ ಟರ್ಬೋ ಹಾಕಿದ್ರೆ ಯಾಕೆ ಲಿಮಿಟ್ ಇಳಿಸ್ಬೇಕು ಅಂತೀರಾ? ವಾಲ್ವ್ ಸ್ಪ್ರಿಂಗು. ಇನ್‌ಟೇಕ್ ವಾಲ್ವ್ ಬೆನ್ನಿಗೆ ಬೂಸ್ಟ್ ಒತ್ತುತ್ತೆ, ಎಕ್ಸಾಸ್ಟ್ ವಾಲ್ವ್ ಬೆನ್ನಿಗೆ ಟರ್ಬೈನ್ ಕಡೆಯ ಬ್ಯಾಕ್ ಪ್ರೆಷರ್ ಒತ್ತುತ್ತೆ, ಹಳೇ ಸ್ಪ್ರಿಂಗ್ ಮೇಲಿನ ಆರ್‌ಪಿಎಂನಲ್ಲಿ ಸರಿಯಾಗಿ ಮುಚ್ಚೋಕಾಗಲ್ಲ, ವಾಲ್ವ್ ಫ್ಲೋಟ್ ಆಗುತ್ತೆ. ಆಮೇಲೆ ಚಿಕ್ಕ ಟರ್ಬೋ 6000 ದಾಟಿದ್ಮೇಲೆ ಉಸಿರುಗಟ್ಟುತ್ತೆ, ಗಾಳಿ ಬಿಸಿ ಮಾಡುತ್ತೆ ಅಷ್ಟೇ. ಡೈನೋ (ಪವರ್ ಅಳೆಯೋ ಮೆಷಿನ್ನು) ಗ್ರಾಫ್‌ನಲ್ಲಿ ಪವರ್ ಬಿದ್ದೋಗಿರೋ ಜಾಗಕ್ಕೆ ಹೋಗಿ ಏನು ಮಾಡ್ತೀರಾ, ಗೇರ್ ಹಾಕಿ.

ನಿಜ ಹೇಳ್ಬೇಕಂದ್ರೆ ನಂಗೆ ಭಯ ಮೇಲಿನ ಆರ್‌ಪಿಎಂದಲ್ಲ, ಕೆಳಗಿನದು. ಪಾಂಡವಪುರ ರೋಡಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಕೊಂಡಿರ್ತೀರಾ, ಜಾಗ ಸಿಕ್ಕಿದ ತಕ್ಷಣ ನಾಲ್ಕನೇ ಗೇರಲ್ಲೇ 2500ರಲ್ಲಿ ಪೂರ್ತಿ ತುಳೀತೀರಾ, ಬೂಸ್ಟ್ ಪೂರ್ತಿ ಬರುತ್ತೆ, ಇಂಜಿನ್ ನಿಧಾನಕ್ಕೆ ತಿರುಗ್ತಿರುತ್ತೆ, ಒತ್ತಡಕ್ಕೆ ಹೋಗೋಕೆ ಜಾಗ ಇಲ್ಲ. ಚಾಮುಂಡಿ ಬೆಟ್ಟ ಹತ್ತೋವಾಗ್ಲೂ ಅದೇ ಕತೆ. ಅವಾಗ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಸಿಡಿಯೋದು) ಆದ್ರೆ ಎರಕದ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಚೂರಾಗುತ್ತೆ, ಟ್ಯಾಕೋಮೀಟರ್ ಕೆಂಪು ಗೆರೆ ಹತ್ರಾನೂ ಹೋಗಿರಲ್ಲ. ಆದ್ರಿಂದ 3500 ತನಕ ಬೂಸ್ಟ್ ನಿಧಾನಕ್ಕೆ ಬರೋ ಹಂಗೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಮ್ಯಾಪ್ ಮಾಡಿಸಿ, ಒಟ್ಟು ಬೂಸ್ಟ್ 0.4 ಬಾರ್ ಆಸುಪಾಸು ಸಾಕು, ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಇರ್ಲಿ. ಕಿಟ್ ಹಾಕೋಕೆ ಮುಂಚೆ ಕಂಪ್ರೆಷನ್ ಚೆಕ್ ಮಾಡ್ಸಿ, ಇಪ್ಪತ್ತು ವರ್ಷ ಓಡಿರೋ ಇಂಜಿನ್ನು, ಆಯಿಲ್ ಪ್ರೆಷರ್ ಗೇಜ್ ಕೂಡ ಹಾಕ್ಸಿ.

ಲಿಮಿಟರ್ ಇದೆ ಅಂತ ಧೈರ್ಯವಾಗೂ ಇರ್ಬೇಡಿ. ಅದು ಲಿಮಿಟ್ ದಾಟಿದ್ರೆ ಪೆಟ್ರೋಲ್ ಕಟ್ ಮಾಡುತ್ತೆ ಅಷ್ಟೇ, ನಾಲ್ಕರ ಬದಲು ಎರಡನೇ ಗೇರಿಗೆ ಬಿದ್ರೆ ಚಕ್ರಾನೇ ಇಂಜಿನ್ ತಿರುಗಿಸುತ್ತೆ, ಅಲ್ಲಿ ಯಾವ ಇಸಿಯುನೂ ಏನೂ ಮಾಡಲ್ಲ. ಲಿಮಿಟರ್‌ಗೆ ಪಟಪಟ ಹೊಡಿಸಿಕೊಂಡು ನಿಲ್ಸೋ ಚಟಾನೂ ಬಿಡಿ, ಕ್ರ್ಯಾಂಕ್ ಮೇಲೆ ಕೂತಿರೋ ಆಯಿಲ್ ಪಂಪ್ ಗೇರ್ ಆ ನಡುಕಕ್ಕೇ ಒಡಿಯೋದು, ಆಯಿಲ್ ನಿಂತ್ರೆ ಬೇರಿಂಗ್ ಹೋಯ್ತು.

8000 ಬೇಕೇ ಬೇಕು ಅಂದ್ರೆ ಫೋರ್ಜ್ಡ್ ರಾಡು, ಒಳ್ಳೇ ಬೋಲ್ಟು, ಸ್ಪ್ರಿಂಗು, ಆಯಿಲ್ ಪಂಪ್ ಗೇರು ಅಂತ ಶುರು ಆಗುತ್ತೆ, ಆವಾಗ ಅದು ಸ್ಟಾಕ್ ಬಾಟಮ್ ಎಂಡೇ ಅಲ್ಲ. ಹಾಂ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನ ಹಿಂಗೆ ಬದಲಾಯಿಸಂಗಿಲ್ಲ, ಅದನ್ನೂ ತಲೇಲಿ ಇಟ್ಕೊಂಡೇ ಅಡ್ವಾನ್ಸ್ ಕೊಡಿ.